ನೆಟ್ಟಣ ಸ್ಟೇಷನ್ನಿನಲ್ಲಿ ರೈಲಿನ ಫೋಟೋ ತೆಗೆದದ್ದು



ಹೋದ ವಾರ ಒಂಬತ್ತನೇ ತರಗತಿಯ ಇಬ್ಬರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ರೈಲು ಹಳಿಯ ಮಧ್ಯೆ ನಿಂತು ತೆಗೆದದ್ದು, ಹಿಂದೆ ದೂರದಲ್ಲಿ ಇಂಜಿನ್ನಿನ ದೀಪ. "ಹೆಂಗಿದೆ ಸಾರ್?" ಅಂತ ಕೇಳಿದರು. ನಾನು ಆಗ ಏನೂ ಹೇಳಲಿಲ್ಲ. ಬೈಯಬಹುದಿತ್ತು, ಆದರೆ ನಾನೂ ಒಂದು ಸಲ ಅದಕ್ಕಿಂತ ದೊಡ್ಡ ದಡ್ಡತನ ಮಾಡಿದವನು. ಹಾಗಾಗಿ ಈ ಸಲದ ಗೋಡೆ ಪತ್ರಿಕೆಗೆ ಅದನ್ನೇ ಬರೆಯುತ್ತಿದ್ದೇನೆ. ಜೊತೆಗೆ ವಿಜ್ಞಾನದ ಪಾಠವೂ ಸ್ವಲ್ಪ ಬರುತ್ತದೆ, ಓಡಿಹೋಗಬೇಡಿ.

ಮೊದಲು ಜಾಗದ ವಿಷಯ. ಹಾಸನದಿಂದ ಮಂಗಳೂರಿಗೆ ಹೋಗುವ ರೈಲು ಸಕಲೇಶಪುರ ದಾಟಿದ ಮೇಲೆ ಪಶ್ಚಿಮಘಟ್ಟವನ್ನು ಇಳಿಯುತ್ತದೆ. ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಸಿರಿಬಾಗಿಲು ಆದ ಮೇಲೆ ಸುಬ್ರಹ್ಮಣ್ಯ ರೋಡ್. ಈ ಸ್ಟೇಷನ್ ಇರುವ ಊರಿನ ಹೆಸರು ನೆಟ್ಟಣ. ಸಕಲೇಶಪುರದಿಂದ ಇಲ್ಲಿಗೆ 55 ಕಿಲೋಮೀಟರ್, ನಡುವೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 1979ರಲ್ಲಿ ಮೀಟರ್ ಗೇಜ್ ಹಳಿಯಾಗಿ ಶುರುವಾದದ್ದು. ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ಅಂದರೆ ಒಂದು ಮಗು ಹುಟ್ಟಿ ಆರನೇ ಕ್ಲಾಸಿಗೆ ಬರುವಷ್ಟು ಕಾಲ ಇಲ್ಲಿ ಪ್ಯಾಸೆಂಜರ್ ರೈಲೇ ಇರಲಿಲ್ಲ.

ಘಾಟಿಯ ಏರು ಗರಿಷ್ಠ 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. "ಅಷ್ಟೇನಾ?" ಅನ್ನಬೇಡಿ. ಲೆಕ್ಕ ಹಾಕಿ. ಗೂಡ್ಸ್ ರೈಲು 3000 ಟನ್ ಇದೆ ಎಂದು ತಿಳಿಯೋಣ. ಆ ಇಳಿಜಾರಿನಲ್ಲಿ ಅದರ ತೂಕವೇ 3000 ಭಾಗಿಸು 50, ಅಂದರೆ 60 ಟನ್ ಬಲದಿಂದ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಒಂದು ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ 4000 ಅಶ್ವಶಕ್ತಿಯದು, 126 ಟನ್ ತೂಕದ್ದು. ಅದು ಹೊರಡುವಾಗ ಕೊಡುವ ಎಳೆತ ಐವತ್ತು ಟನ್ನಿಗಿಂತ ಸ್ವಲ್ಪ ಹೆಚ್ಚು, ಅದೂ ಹಳಿ ಒಣಗಿದ್ದರೆ. ಮಲೆನಾಡಿನ ಮಳೆಯಲ್ಲಿ ಹಳಿ ಒದ್ದೆ, ಘರ್ಷಣೆ ಕಡಿಮೆ, ಚಕ್ರ ಇದ್ದಲ್ಲೇ ತಿರುಗುತ್ತದೆ. ಅದಕ್ಕೇ ಇಂಜಿನ್ನಿನಲ್ಲಿ ಮರಳು ತುಂಬಿಕೊಂಡು ಚಕ್ರದ ಬುಡಕ್ಕೆ ಉದುರಿಸುತ್ತಾರೆ. ಅದೂ ಸಾಲದು, ಹಿಂದಿನಿಂದಲೂ ಇಂಜಿನ್ ಹಾಕಿ ತಳ್ಳುತ್ತಾರೆ. ಇದಕ್ಕೆ ಬ್ಯಾಂಕರ್ ಎಂದು ಹೆಸರು. ಎಲ್ಲಾ ಇಂಜಿನ್ನನ್ನೂ ಮುಂದೆಯೇ ಯಾಕೆ ಹಾಕಬಾರದು? ಆಗ ಇಡೀ ಭಾರ ಮೊದಲನೇ ವ್ಯಾಗನ್ನಿನ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿ ತುಂಡಾದರೆ ಹಿಂದಿನ ವ್ಯಾಗನ್‌ಗಳ ಗತಿ ಏನು, ನೀವೇ ಊಹಿಸಿ.

2014ರ ಜುಲೈನಲ್ಲಿ ನಾನು ತಂಗಿಯ ಗಂಡನ ಡಿಜಿಟಲ್ ಕ್ಯಾಮೆರಾ ಕೇಳಿ ತಗೊಂಡು ನೆಟ್ಟಣಕ್ಕೆ ಹೋದೆ. ಪ್ಲಾಟ್‌ಫಾರಂ ಟಿಕೆಟ್ ಪಡೆದು, ಸ್ಟೇಷನ್ ಮಾಸ್ತರರನ್ನು ಕಂಡು, ಫೋಟೋ ತೆಗೀಬಹುದಾ ಎಂದು ಕೇಳಿದೆ. ಪ್ಲಾಟ್‌ಫಾರಂ ಬಿಟ್ಟು ಇಳಿಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಬಾಗಿಲು ದಾಟುವಾಗ ಮತ್ತೆ ಕರೆದು, "ಆ ಕೆಂಪು ಕೊಡೆ ಮಡಚಿಡಿ" ಅಂದರು. ನನಗೆ ಹೊಳೆದೇ ಇರಲಿಲ್ಲ! ಡ್ರೈವರ್ ಕಣ್ಣಿಗೆ ಕೆಂಪು ಅಂದರೆ ನಿಲ್ಲು ಅಂತ. ಕೆಂಪೇ ಆಗಬೇಕಿಲ್ಲ, ಏನನ್ನಾದರೂ ಜೋರಾಗಿ ಬೀಸಿದರೂ ಅಪಾಯ ಎಂದೇ ಅವರು ತಿಳಿಯಬೇಕು. ಮಡಚಿದೆ, ನೆನೆದೆ.

ಮಂಗಳೂರು ಕಡೆಯಿಂದ ಕಲ್ಲಿದ್ದಲಿನ ಗೂಡ್ಸ್ ಬಂದು ನಿಂತಿತು. ಇಲ್ಲಿಂದ ಘಾಟಿಗೆ ಬೇರೆ ಡ್ರೈವರ್ ಹತ್ತಿದರು. ಯಾಕೆ ಬದಲಾಯಿಸುತ್ತಾರೆ? ಒಂದನೆಯದು, ಒಬ್ಬ ಮನುಷ್ಯ ಇಂತಿಷ್ಟು ಗಂಟೆಗಿಂತ ಹೆಚ್ಚು ಓಡಿಸಬಾರದು. ಎರಡನೆಯದು, ದಾರಿ ಗೊತ್ತಿರಬೇಕು. ಬರೀ ಇಂಜಿನ್ ಓಡಿಸಲು ಬಂದರೆ ಸಾಲದು. ಎಲ್ಲಿ ತಿರುವು, ಎಲ್ಲಿ ಸಿಗ್ನಲ್, ಎಲ್ಲಿ ಏರು ಜಾಸ್ತಿ ಎಂಬುದನ್ನು ಬೇರೆಯವರ ಜೊತೆ ಹಲವು ಸಲ ಹೋಗಿ ಕಲಿತು, ಗೊತ್ತಾಗಿದೆ ಎಂದು ಸಹಿ ಹಾಕಬೇಕು. ಆಮೇಲೆಯೇ ಆ ದಾರಿಯಲ್ಲಿ ಸ್ವತಃ ಓಡಿಸಲು ಬಿಡುತ್ತಾರೆ. ಡ್ಯೂಟಿಗೆ ಬಂದವರು ಕುಡಿದಿಲ್ಲ ಎಂದು ತೋರಿಸಲು ಯಂತ್ರಕ್ಕೆ ಉಸಿರು ಊದಬೇಕು. ಎಲ್ಲಿ ನಿಧಾನ ಹೋಗಬೇಕು ಎಂಬ ಎಚ್ಚರಿಕೆ ಚೀಟಿಯನ್ನು ಸಹಿ ಮಾಡಿ ಪಡೆಯಬೇಕು. ಮಳೆಗಾಲದಲ್ಲಿ ಈ ಚೀಟಿಗೆ ಎಷ್ಟು ಬೆಲೆ ಗೊತ್ತಾ? 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಈ ಹಳಿ ವಾರಗಟ್ಟಲೆ ಬಂದಾಗಿತ್ತು. 2024ರ ಜುಲೈನಲ್ಲಿ ಎಡಕುಮರಿ, ಕಡಗರವಳ್ಳಿ ನಡುವೆ ಮತ್ತೆ ಜರಿಯಿತು.

ಇಳಿದವರು, ಹತ್ತುವವರು ಮೆಟ್ಟಿಲ ಬುಡದಲ್ಲಿ ನಿಂತು ಎರಡು ನಿಮಿಷ ಮಾತಾಡಿದರು. ಬ್ರೇಕ್ ಹೆಂಗಿದೆ, ಇಂಜಿನ್ ಏನಾದರೂ ತೊಂದರೆ ಕೊಟ್ಟಿತಾ, ಅಷ್ಟೇ. ಗಾರ್ಡ್ ಸಾಹೇಬರ ಕಬ್ಬಿಣದ ಪೆಟ್ಟಿಗೆ ಪ್ಲಾಟ್‌ಫಾರಂ ಮೇಲೆ ಮಳೆಯಲ್ಲೇ ಇತ್ತು. ಈ ಗಾರ್ಡ್ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು.

ಈಗ ಕ್ಯಾಮೆರಾ ಪಾಠ. ಘಾಟಿಯಲ್ಲಿ ವೇಗ ಗಂಟೆಗೆ 30 ಕಿ.ಮೀ. ಎಂದಿಟ್ಟುಕೊಂಡರೆ ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು. ಕ್ಯಾಮೆರಾದ ಕಣ್ಣು ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ರೈಲು 14 ಸೆಂಟಿಮೀಟರ್ ಸರಿದಿರುತ್ತದೆ, ಚಿತ್ರ ಅಳಿಸಿದ ಸ್ಲೇಟಿನ ಹಾಗೆ. 500ನೇ ಒಂದು ಭಾಗವಾದರೆ ಎರಡು ಸೆಂಟಿಮೀಟರ್ ಕೂಡ ಇಲ್ಲ. ಆದರೆ ಮೋಡದ ದಿನ ಅಷ್ಟು ಬೇಗ ಮುಚ್ಚಿದರೆ ಬೆಳಕೇ ಸಾಲದು. ಡ್ರೈವರ್ ಬದಲಾಗುವ ಸ್ಟೇಷನ್ ಚಿತ್ರಕ್ಕೆ ಒಳ್ಳೆಯದು ಅನ್ನುವುದು ಇದಕ್ಕೇ. ರೈಲು ನಿಂತಿರುತ್ತದೆ, ಅವಸರವಿಲ್ಲ. ಇನ್ನೊಂದು ತೊಂದರೆ ಹೆಡ್‌ಲೈಟ್. ಅದನ್ನು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಇದೆ ಎಂದು ಮೋಸಹೋಗಿ ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ. ಮೊದಲು ಜಲ್ಲಿಕಲ್ಲಿನ ಕಡೆ ತಿರುಗಿಸಿ, ಗುಂಡಿ ಅರ್ಧ ಒತ್ತಿ ಹಿಡಿದು, ಆಮೇಲೆ ಇಂಜಿನ್ನಿಗೆ ತಿರುಗಿಸಬೇಕು. ಫ್ಲ್ಯಾಶ್ ಮಾತ್ರ ಹೊಡೆಯಲೇಬೇಡಿ, ಡ್ರೈವರಿಗೆ ಕಣ್ಣು ಕತ್ತಲೆ ಬರುತ್ತದೆ.

ಇಷ್ಟೆಲ್ಲ ತಿಳಿದಿದ್ದ ನಾನು ಮಾಡಿದ್ದೇನು? ಇಂಜಿನ್ ಪೂರ್ತಿ ಚೌಕಟ್ಟಿನೊಳಗೆ ಬರಲಿಲ್ಲ. ಸ್ವಲ್ಪ ಹಿಂದೆ ಹೋದರೆ ಬರುತ್ತೆ ಅನ್ನಿಸಿತು. ಪ್ಲಾಟ್‌ಫಾರಂ ತುದಿಯಲ್ಲಿ ಇಳಿದೆ. ಕೊಟ್ಟ ಮಾತು ಆಗಲೇ ಮುರಿಯಿತು. ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆ. ನಿಂತಿದ್ದ ಇಂಜಿನ್ನಿನ ಗುಡುಗಿನಂಥ ಸದ್ದು, ಮೇಲೆ ಮಳೆಯ ಸದ್ದು. ಇದ್ದಕ್ಕಿದ್ದ ಹಾಗೆ ಯಾರೋ ನನ್ನ ಚೀಲದ ಪಟ್ಟಿ ಹಿಡಿದು ಎಳೆದರು, ಜಲ್ಲಿಯ ಮೇಲೆ ಬಿದ್ದೆ. ಪಕ್ಕದ ಹಳಿಯಲ್ಲಿ, ನಾನು ನಿಂತಿದ್ದ ಕಡೆಯೇ, ಬ್ಯಾಂಕರ್ ಇಂಜಿನ್‌ಗಳು ಸುಮ್ಮನೆ ಉರುಳಿಕೊಂಡು ಹೋದವು. ಹಾರನ್ ಹೊಡೆದಿದ್ದರಂತೆ. ನನಗೆ ಕೇಳಿಸಲೇ ಇಲ್ಲ. ಎಳೆಯದೆ ಖಾಲಿ ಬರುವ ಇಂಜಿನ್ ಎಷ್ಟು ಮೆತ್ತಗೆ ಬರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಳೆದವರು ಒಬ್ಬ ಪಾಯಿಂಟ್ಸ್‌ಮನ್. ಅವರು ಬೈಯಲಿಲ್ಲ, ಅವರ ಕೈ ನಡುಗುತ್ತಿತ್ತು. ಇಂಜಿನ್‌ಗಳು ಸ್ವಲ್ಪ ಮುಂದೆ ಹೋಗಿ ನಿಂತವು. ಡ್ರೈವರ್ ಇಳಿದು ಬಂದರು, ಐವತ್ತು ದಾಟಿದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೂ ಆಗಿಲ್ವಲ್ಲ?" ಅಂದರು. ಆಮೇಲೆ, "ನೀವು ಮನೆಗೆ ಹೋಗಿ ಮಲಗ್ತೀರಿ. ನಾನು ಈಗ ಇದೇ ಕಣ್ಣಲ್ಲಿ ಐವತ್ತೈದು ಕಿಲೋಮೀಟರ್ ನೋಡ್ಕೊಂಡು ಹೋಗ್ಬೇಕು" ಅಂದರು. ನಾನು ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ರೈಲು ಹಳಿಯ ಮೇಲೆ ಅತಿಕ್ರಮವಾಗಿ ಹೋದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. ನನ್ನನ್ನು ಮಾಸ್ತರರು ಬರೀ ಹೊರಗೆ ಕಳಿಸಿದರು. ಘಾಟಿಯ ಹಳಿ ಮೇಲೆ ಚಾರಣಕ್ಕೆ ಹೋಗುವುದನ್ನೂ ನಿಷೇಧಿಸಿದ್ದಾರೆ, ನಮ್ಮೂರಿನ ಕೆಲವು ಅಣ್ಣಂದಿರು ಏನೇ ಹೇಳಲಿ.

ಇಂಜಿನ್ನಿನ ಚಿತ್ರ ಕಾಲು ತುಂಡಾಗಿ, ಅಲುಗಾಡಿ ಬಂದಿದೆ. ಅದಕ್ಕೂ ಮೊದಲು ಪ್ಲಾಟ್‌ಫಾರಂ ಮೇಲಿಂದಲೇ, ಕೇಳಿ ತೆಗೆದ ಇನ್ನೊಂದು ಚಿತ್ರ ಚೆನ್ನಾಗಿದೆ. ಒದ್ದೆ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಇಬ್ಬರು ಡ್ರೈವರುಗಳ ಕಾಲು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿರುವ ಚೀಟಿ. ಅದನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ಗೋಂದು ಹಸಿ ಇದೆ, ಮುಟ್ಟಬೇಡಿ. ಮೊಬೈಲ್ ತಂದಿದ್ದ ಆ ಇಬ್ಬರು ಶನಿವಾರ ನನ್ನನ್ನು ಕಾಣಲಿ. ರಜೆಯಲ್ಲಿ ನೆಟ್ಟಣಕ್ಕೆ ಒಟ್ಟಿಗೆ ಹೋಗೋಣ, ಪ್ಲಾಟ್‌ಫಾರಂ ಟಿಕೆಟ್ ನನ್ನದು.