ದೂರದೂರಿನ ಹಳೇ ಕಾರು
ಮುಂಬಯಿಯ ಪ್ರೀಮಿಯರ್ ಪದ್ಮಿನಿಯೊಂದರ ಫೋಟೊ ನೋಡಿ ಮನಸೋತಿದ್ದೀರಾ? ಮುಂಗಡ ಕಳಿಸುವ ಮುನ್ನ ಅಲ್ಲಿನ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟಾದರೂ ಕಾರಿನ ಅಡಿಭಾಗ ತೋರಿಸಿ. ಕಡಲತಡಿಯ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ, ಹೊಸ ಪೇಂಟ್ ಅದನ್ನು ಮುಚ್ಚಿಬಿಡುತ್ತದೆ. ಬಾಗಿಲ ಕೆಳಗಿನ ಅಂಚು, ಮ್ಯಾಟ್ ಅಡಿಯ ತಗಡು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಇವುಗಳ ವಿಡಿಯೊ ಕೇಳಿ ತರಿಸಿಕೊಳ್ಳಿ. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ತುಕ್ಕು ತಿಂದ ಬಾಡಿ ನಿಮ್ಮ ಉಳಿತಾಯವನ್ನೇ ನುಂಗುತ್ತದೆ. ಆರ್‌ಸಿಯಲ್ಲಿನ ಚಾಸಿಸ್, ಎಂಜಿನ್ ನಂಬರುಗಳು ಕಾರಿನ ಮೇಲಿರುವವುಗಳಿಗೆ ತಾಳೆಯಾಗಬೇಕು. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬಾರದೆ ಇಲ್ಲಿ ಕಾರು ನಿಮ್ಮ ಹೆಸರಿಗಾಗದು. ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕು. ಮಾರುವವರೇ, ತುಕ್ಕನ್ನು ಮುಚ್ಚಿಡಬೇಡಿ. ಮಾಲೀಕತ್ವ ವರ್ಗಾವಣೆ ತಿಳಿಸುವ ಫಾರಂ 29 ತಪ್ಪದೆ ಸಲ್ಲಿಸಿ. ಹೆಸರು ಬದಲಾಗುವವರೆಗೂ ಅಪಘಾತದ ಪರಿಹಾರ ನಿಮ್ಮ ತಲೆಗೇ ಬರಬಹುದು.