ತಾರೀಖು ತಪ್ಪದಿರಲಿ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಮನೆಗಳಲ್ಲಿ ಹಿರಿಯರ ಚಿಕಿತ್ಸೆಯ ಹೊಣೆ ಹೊತ್ತಿರುವ ಮಕ್ಕಳಿಗೆ, ಮೊಮ್ಮಕ್ಕಳಿಗೆ ಈ ಮಾತು.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಚಿಕಿತ್ಸೆ ಫಲ ಕೊಡಬೇಕಾದರೆ ಎರಡು ಕೆಲಸ ಆಗಬೇಕು. ರೋಗಕ್ಕೆ ತಕ್ಕ ಔಷಧಿ ಸಿಗಬೇಕು. ಸಿಕ್ಕ ಔಷಧಿ ಹೇಳಿದ ಪ್ರಮಾಣದಲ್ಲಿ, ಹೇಳಿದ ದಿನ, ಹೇಳಿದಷ್ಟು ಕಾಲ ದೇಹ ಸೇರಬೇಕು. ಮೊದಲನೆಯದು ವೈದ್ಯರ ಕೆಲಸ. ಎರಡನೆಯದು ಬಹುಪಾಲು ಮನೆಯಲ್ಲೇ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರತಂದ ವರದಿಯ ಪ್ರಕಾರ ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗಳ ಔಷಧಿಯನ್ನು ಹೇಳಿದಂತೆ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಂದಿ. ಇದಕ್ಕೆ ಆ ವರದಿ ಐದು ಬಗೆಯ ಕಾರಣ ಕೊಡುತ್ತದೆ: ಮನೆಯ ಸ್ಥಿತಿಗತಿ, ಆರೋಗ್ಯ ವ್ಯವಸ್ಥೆ, ರೋಗದ ಸ್ವರೂಪ, ಚಿಕಿತ್ಸೆಯ ಸ್ವರೂಪ, ರೋಗಿಯ ಮನಸ್ಸು. ಐದರಲ್ಲಿ ರೋಗಿಯ ಕೈಯಲ್ಲಿರುವುದು ಒಂದೇ. ಚಿಕಿತ್ಸೆ ನಡುವೆ ನಿಂತಾಗ ಹಿರಿಯರ ಹಠವನ್ನು ದೂರುವ ಬದಲು, ಉಳಿದ ನಾಲ್ಕರಲ್ಲಿ ಎಲ್ಲಿ ತೊಡಕಾಯಿತೆಂದು ಮನೆಯವರು ಹುಡುಕಬೇಕು.

ಆಂಧ್ರ-ಕರ್ನಾಟಕದ ಈ ಗಡಿಭಾಗದಲ್ಲಿ ಮೊದಲ ತೊಡಕು ದೂರದ್ದು. ಹಿಂದೂಪುರದಿಂದ ಬೆಂಗಳೂರು ಸುಮಾರು 100 ಕಿ.ಮೀ.; ರೈಲಿದೆ, ಗೌರಿಬಿದನೂರಿನ ಮೇಲೆ ಹೋಗುತ್ತದೆ. ಕಲ್ಯಾಣದುರ್ಗದಿಂದ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ, ಬಹುಪಾಲು ಬಸ್ಸಿನ ದಾರಿ. ಆಂಧ್ರದ ದೊಡ್ಡಾಸ್ಪತ್ರೆಗಳು ಅನಂತಪುರ, ಕರ್ನೂಲು, ತಿರುಪತಿಯಲ್ಲಿದ್ದರೂ ಮಡಕಶಿರಾ, ಅಮರಾಪುರ, ರೊಳ್ಳ ಕಡೆಯ ಕನ್ನಡದ ಮನೆಗಳು ಬೆಂಗಳೂರಿನತ್ತ ನೋಡುವುದು ಸಹಜ. ಅಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಕರ್ನಾಟಕದವರಷ್ಟೇ ಅಲ್ಲ, ರಾಯಲಸೀಮೆಯವರೂ ಬರುತ್ತಾರೆ. ಚಿಕಿತ್ಸೆ ಎಲ್ಲಿ ಎಂಬುದನ್ನು ಆರಂಭದಲ್ಲೇ, ಕೊನೆಯವರೆಗೂ ಹೋಗಿಬರಲು ಸಾಧ್ಯವೇ ಎಂದು ಲೆಕ್ಕಹಾಕಿ ತೀರ್ಮಾನಿಸಬೇಕು. ನಡುವೆ ಆಸ್ಪತ್ರೆ ಬದಲಿಸಿದರೆ ಸ್ಕ್ಯಾನ್, ಬಯಾಪ್ಸಿ ವರದಿ, ಕೊಟ್ಟ ಔಷಧಿಗಳ ಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೊತೆಗೆ ಒಯ್ಯಬೇಕು. ಇಲ್ಲದಿದ್ದರೆ ಪರೀಕ್ಷೆಗಳಿಗೇ ವಾರಗಳು ಕಳೆಯುತ್ತವೆ.

ದಿನ ತಪ್ಪದೆ ನಡೆಯಬೇಕಾದ ಚಿಕಿತ್ಸೆಗಳಲ್ಲಿ ಮೂರು ಬಗೆಗಳನ್ನು ಇಲ್ಲಿ ನೋಡೋಣ. ಮೂರರಲ್ಲೂ ತಪ್ಪುವ ಜಾಗ ಬೇರೆ ಬೇರೆ.

ಕೀಮೋ ಸಾಮಾನ್ಯವಾಗಿ 21 ದಿನಕ್ಕೊಂದು ಸುತ್ತಿನಂತೆ, ನಾಲ್ಕರಿಂದ ಆರು ಸುತ್ತು ನಡೆಯುತ್ತದೆ. ಔಷಧಿ ರೋಗದ ಕೋಶಗಳ ಜೊತೆಗೆ ರಕ್ತ ಹುಟ್ಟುವ ಮಜ್ಜೆಯನ್ನೂ ಕುಗ್ಗಿಸುತ್ತದೆ. ಮಜ್ಜೆ ಚೇತರಿಸಿಕೊಳ್ಳಲಿ, ರೋಗ ಮಾತ್ರ ಚೇತರಿಸಿಕೊಳ್ಳದಿರಲಿ ಎಂದು ಆ ಅಂತರವನ್ನು ಗೊತ್ತುಮಾಡಿದ್ದಾರೆ. ಕಡಲೆಕಾಯಿ ಬಿತ್ತನೆಗೆ ನೆಲದ ಹದ ಹೇಗೋ ಹಾಗೆ ಇದಕ್ಕೂ ಒಂದು ಹದವಿದೆ. ಹದ ಕಳೆದ ಮೇಲೆ ಅದೇ ಬೀಜ ಅದೇ ಫಸಲು ಕೊಡುವುದಿಲ್ಲ. ಬಿಳಿ ರಕ್ತಕಣ ಕಡಿಮೆಯಾಗಿದೆಯೆಂದು ವೈದ್ಯರೇ ಒಂದು ವಾರ ಮುಂದಕ್ಕೆ ಹಾಕಿದರೆ ಅದು ಚಿಕಿತ್ಸೆಯ ಭಾಗ. ಮನೆಯವರೇ ಮುಂದಕ್ಕೆ ಹಾಕಿದರೆ ಅದು ಚಿಕಿತ್ಸೆ ತಪ್ಪಿಸಿದಂತೆ. ಸುತ್ತಿನ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣಗಳು ಅತಿ ಕಡಿಮೆ ಇರುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಜ್ವರದ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬಾರದು. ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಹೋಗಿ, ಕೀಮೋ ನಡೆಯುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಪೆಮೆಟ್ರೆಕ್ಸೆಡ್ ಎಂಬ ಔಷಧಿ ಕೊಡುವವರಿಗೆ ದಿನವೂ ಫೋಲಿಕ್ ಆಸಿಡ್ ಮಾತ್ರೆ, ಒಂಬತ್ತು ವಾರಕ್ಕೊಮ್ಮೆ ಬಿ12 ಚುಚ್ಚುಮದ್ದು ಬರೆದಿರುತ್ತಾರೆ. ಬರೀ ಶಕ್ತಿ ಮಾತ್ರೆ ಎಂದುಕೊಂಡು ಇವನ್ನು ಬಿಡುವವರಿದ್ದಾರೆ. ಬಿಟ್ಟರೆ ಬಾಯಿಹುಣ್ಣು, ಭೇದಿ, ರಕ್ತಕಣದ ಕುಸಿತ ಹೆಚ್ಚಾಗಿ ಮುಂದಿನ ಸುತ್ತೇ ನಿಲ್ಲಬಹುದು.

ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ಕಷ್ಟವೆಂದರೆ ದಿನನಿತ್ಯದ ಹಾಜರಿ. ಶಸ್ತ್ರಚಿಕಿತ್ಸೆಗೆ ಒಗ್ಗದ, ಆದರೆ ಎದೆಯಾಚೆ ಹರಡಿಲ್ಲದ ರೋಗಕ್ಕೆ ಸಾಮಾನ್ಯವಾಗಿ 60 ಗ್ರೇ ಪ್ರಮಾಣವನ್ನು 30 ಸಲವಾಗಿ, ವಾರಕ್ಕೆ ಐದು ದಿನದಂತೆ ಆರು ವಾರ ಕೊಡುತ್ತಾರೆ. ನಡುವೆ ವಾರಗಟ್ಟಲೆ ಬಿಟ್ಟರೆ ಉಳಿದ ಕೋಶಗಳು ಮತ್ತೆ ಹೆಚ್ಚುತ್ತವೆ, ಮೊದಲು ಪಟ್ಟ ಶ್ರಮ ಕರಗುತ್ತದೆ. ಸುಸ್ತಾದ ರೋಗಿಯನ್ನು ಹಿಂದೂಪುರದಿಂದ ದಿನವೂ ರೈಲಿನಲ್ಲಿ ಕರೆದೊಯ್ಯುವುದು ಆರು ವಾರ ನಡೆಯುವ ಮಾತಲ್ಲ. ಕಲ್ಯಾಣದುರ್ಗದಿಂದ ಅದನ್ನು ಯೋಚಿಸುವಂತೆಯೇ ಇಲ್ಲ. ಚಿಕಿತ್ಸೆ ಆರಂಭವಾಗುವ ಮೊದಲೇ ಧರ್ಮಶಾಲೆಯಲ್ಲೋ ಬೆಂಗಳೂರಿಗೆ ದುಡಿಯಲು ಹೋಗಿರುವ ನೆಂಟರ ಮನೆಯಲ್ಲೋ ಇರಲು ಜಾಗ ಗೊತ್ತುಮಾಡಬೇಕು. ಜೊತೆಗೆ ಯಾರು ಯಾವ ವಾರ ಇರುತ್ತಾರೆಂದು ಅಣ್ಣತಮ್ಮಂದಿರು, ಅಕ್ಕತಂಗಿಯರು ಮೊದಲೇ ಹಂಚಿಕೊಳ್ಳಬೇಕು. ಮುಂಗಾರು ಬಿತ್ತನೆ, ಕಡಲೆಕಾಯಿ ಕೀಳುವ ಕಾಲ, ಊರ ಜಾತ್ರೆ ನಡುವೆ ಬರುವುದಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಮೊದಲೇ ತಿಳಿದರೆ ದಿನಗಳನ್ನು ಹೊಂದಿಸಲು ದಾರಿಯಿರುತ್ತದೆ. ಹೇಳದೆ ಊರಿಗೆ ಹೊರಟರೆ ಇರುವುದಿಲ್ಲ.

ಮೂರನೆಯದು ಮನೆಯಲ್ಲೇ ನುಂಗುವ ಮಾತ್ರೆ. ಗಡ್ಡೆಯಲ್ಲಿ ಇಜಿಎಫ್ಆರ್ ಎಂಬ ಜೀನಿನ ಬದಲಾವಣೆ ಕಂಡವರಿಗೆ ಗೆಫಿಟಿನಿಬ್ 250 ಮಿ.ಗ್ರಾಂ., ಎರ್ಲೋಟಿನಿಬ್ 150 ಮಿ.ಗ್ರಾಂ. ಅಥವಾ ಓಸಿಮೆರ್ಟಿನಿಬ್ 80 ಮಿ.ಗ್ರಾಂ. ದಿನಕ್ಕೊಂದರಂತೆ ಕೊಡುವುದು ರೂಢಿ. ನೋಡಲು ಸುಲಭ, ತಪ್ಪಲೂ ಅಷ್ಟೇ ಸುಲಭ. ಕೆಲವೇ ವಾರಗಳಲ್ಲಿ ಕೆಮ್ಮು ಇಳಿದು ಉಸಿರು ಸರಾಗವಾದಾಗ ‘ವಾಸಿಯಾಯಿತು, ಇನ್ನೇಕೆ ಮಾತ್ರೆ’ ಅನ್ನಿಸುತ್ತದೆ. ಗಡ್ಡೆ ಕುಗ್ಗಿದೆಯೇ ಹೊರತು ಹೋಗಿಲ್ಲ; ಮಾತ್ರೆ ನಿಂತರೆ ಮತ್ತೆ ಬೆಳೆಯುತ್ತದೆ. ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಎದ್ದಾಗ, ಭೇದಿಯಾದಾಗ ‘ಮಾತ್ರೆ ಒಗ್ಗಲಿಲ್ಲ’ ಎಂದು ನಿಲ್ಲಿಸುವವರು ಹಲವರು. ಇವು ಈ ಮಾತ್ರೆಗಳ ಗೊತ್ತಿರುವ ಅಡ್ಡ ಪರಿಣಾಮಗಳು. ಮುಲಾಮು, ಓಆರ್‌ಎಸ್, ಬೇಕಾದರೆ ಪ್ರಮಾಣದ ಬದಲಾವಣೆಯಿಂದ ಹತೋಟಿಗೆ ತರಬಹುದು. ಇದ್ದಕ್ಕಿದ್ದಂತೆ ಏದುಸಿರು ಹೆಚ್ಚಿದರೆ ಮಾತ್ರ ಅದೇ ದಿನ ಆಸ್ಪತ್ರೆ ಸೇರಬೇಕು, ಏಕೆಂದರೆ ಅಪರೂಪಕ್ಕೆ ಶ್ವಾಸಕೋಶಕ್ಕೇ ಉರಿಯೂತ ಬರುವುದುಂಟು. ಒಂದು ದಿನದ ಮಾತ್ರೆ ಮರೆತರೆ ಮರುದಿನ ಎರಡು ನುಂಗಬಾರದು. ಗೆಫಿಟಿನಿಬ್‌ನಲ್ಲಿ ಮುಂದಿನ ಮಾತ್ರೆಗೆ 12 ಗಂಟೆಗಿಂತ ಕಡಿಮೆ ಉಳಿದಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರ್ಲೋಟಿನಿಬ್ ಅನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆಯ ನಂತರ ತೆಗೆದುಕೊಳ್ಳಬೇಕು.

ಮಾತ್ರೆ ತಪ್ಪದೆ ನುಂಗಿದರೂ ಅದರ ಬಲ ಕುಗ್ಗುವ ಸಂದರ್ಭಗಳಿವೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತರುವ ಗ್ಯಾಸ್ ಮಾತ್ರೆ ಹೊಟ್ಟೆಯ ಆಮ್ಲ ತಗ್ಗಿಸುವುದರಿಂದ ಗೆಫಿಟಿನಿಬ್, ಎರ್ಲೋಟಿನಿಬ್ ಎರಡೂ ಸರಿಯಾಗಿ ರಕ್ತ ಸೇರುವುದಿಲ್ಲ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಗೆಫಿಟಿನಿಬ್‌ನ ಮಟ್ಟವನ್ನು ಶೇ. 80ಕ್ಕೂ ಹೆಚ್ಚು ಇಳಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ಇಳಿಸುತ್ತದೆ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಎರಡೂ ರೋಗಗಳಿಗೆ ಸಮಾನವಾದ್ದರಿಂದ ಟಿ.ಬಿ. ಔಷಧಿ ಮೊದಲು ಆರಂಭವಾಗಿರುವ ಸಾಧ್ಯತೆಯುಂಟು. ಅದನ್ನು ಕ್ಯಾನ್ಸರ್ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೀಡಿ, ಸಿಗರೇಟಿನ ಹೊಗೆಯೂ ಎರ್ಲೋಟಿನಿಬ್‌ನ ಮಟ್ಟ ತಗ್ಗಿಸುತ್ತದೆ. ರೋಗ ಬಂದ ಮೇಲೆ ಬಿಟ್ಟೇನು ಫಲ ಎಂಬ ಮಾತು ತಪ್ಪು. ಬಿಡಲು ನೆರವು ಬೇಕಾದರೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ನಾಟಿ ಔಷಧಿ, ಕಷಾಯ, ತೊಗಟೆಯ ಪುಡಿಯಲ್ಲಿ ಏನಿದೆಯೆಂದು ತಿಳಿಯದೆ ಅದು ಯಕೃತ್ತಿಗೆ, ಮೂತ್ರಪಿಂಡಕ್ಕೆ ಏನು ಮಾಡುತ್ತದೆಂದು ಹೇಳಲಾಗದು. ಮನೆಯಲ್ಲಿ ಆ ಮಾತು ಎದ್ದಾಗ ಜಗಳ ಮಾಡುವುದಕ್ಕಿಂತ ಪುಡಿಯನ್ನೇ ಫೈಲಿನ ಜೊತೆ ಒಯ್ದು ವೈದ್ಯರ ಮುಂದಿಡುವುದು ಮೇಲು. ಎಷ್ಟೋ ಸಲ ಹಾನಿಯಾಗುವುದು ಔಷಧಿಗಿಂತ ಹೆಚ್ಚಾಗಿ ಗುಟ್ಟಿನಿಂದ.

ಹಣದ ತೊಡಕನ್ನು ಪೂರ್ತಿ ನಿವಾರಿಸಲಾಗದಿದ್ದರೂ ಇಳಿಸಬಹುದು. ಆಂಧ್ರದಲ್ಲಿ 2007ರಲ್ಲಿ ಶುರುವಾದ ಉಚಿತ ಚಿಕಿತ್ಸೆಯ ಆರೋಗ್ಯಶ್ರೀ ಯೋಜನೆ ಈಗ ಡಾ. ಎನ್.ಟಿ.ಆರ್. ವೈದ್ಯ ಸೇವೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆ ಯೋಜನೆಯ ಕಾರ್ಡು ಬೆಂಗಳೂರಿನ ಎಲ್ಲ ಆಸ್ಪತ್ರೆಯಲ್ಲೂ ನಡೆಯುವುದಿಲ್ಲ. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅನ್ವಯಿಸುತ್ತದೆಂದು 104ಕ್ಕೆ ಕರೆಮಾಡಿಯೋ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕೇಳಿಯೋ ಮೊದಲೇ ತಿಳಿಯಬೇಕು. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ. ಕೇಂದ್ರ ಸರ್ಕಾರ 2019ರ ಫೆಬ್ರುವರಿಯಲ್ಲಿ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಕ್ಕೆ ಶೇ. 30ರ ಮಿತಿ ಹಾಕಿತು; 2024ರ ಜುಲೈ ಬಜೆಟ್ಟಿನಲ್ಲಿ ಓಸಿಮೆರ್ಟಿನಿಬ್ ಮೇಲಿನ ಆಮದು ಸುಂಕ ತೆಗೆಯಿತು. ಇಷ್ಟಾದರೂ ಹಣ ಸಾಲದಿದ್ದರೆ ದಿನ ಬಿಟ್ಟು ದಿನ ನುಂಗಿ ಉಳಿಸುವ ಯೋಚನೆ ಬರುತ್ತದೆ. ಅದರಿಂದ ಹಣವೂ ಹೋಗುತ್ತದೆ, ಫಲವೂ ಸಿಗುವುದಿಲ್ಲ. ಕಡಿಮೆ ಬೆಲೆಯ ಇನ್ನೊಂದು ಮಾತ್ರೆ ಇದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮನಸ್ಸಿನ ವಿಷಯದಲ್ಲಿ ಮುಖ್ಯವಾದದ್ದು ಸತ್ಯ. ಕಾಯಿಲೆಯ ಹೆಸರು ಹೇಳದೆ ‘ಕಫಕ್ಕೆ ಔಷಧಿ’ ಎಂದು ಕೊಡುತ್ತಾ ಹೋದರೆ, ಕಫ ನಿಂತ ದಿನ ರೋಗಿ ಔಷಧಿ ಬಿಡುವುದು ನ್ಯಾಯವೇ ಆಗುತ್ತದೆ. ತಿಳಿಯಬೇಕೆಂದು ಕೇಳುವವರಿಗೆ ವೈದ್ಯರ ಎದುರಿನಲ್ಲೇ, ಅವರಿಗೆ ಒಗ್ಗುವ ಕನ್ನಡದಲ್ಲೋ ತೆಲುಗಿನಲ್ಲೋ ನಿಧಾನವಾಗಿ ಹೇಳಬೇಕು. ನಿದ್ದೆ, ಊಟ, ಮಾತು ಎಲ್ಲ ಬಿಟ್ಟು ಕುಳಿತರೆ ಅದು ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಮನೆಯಲ್ಲಿ ಒಬ್ಬರು ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖು, ನುಂಗಿದ ಮಾತ್ರೆ, ಕಂಡ ತೊಂದರೆ ಬರೆದಿಡಬೇಕು. ತಪ್ಪಿದ ದಿನವನ್ನೂ ಮುಚ್ಚದೆ ಬರೆಯಬೇಕು. ತಪ್ಪಿದ್ದು ತಿಳಿಯದಿದ್ದರೆ ವೈದ್ಯರು ಔಷಧಿಯೇ ಸೋತಿತೆಂದು ತಿಳಿದು, ಇನ್ನೂ ಫಲ ಕೊಡಬಹುದಾಗಿದ್ದ ಮಾತ್ರೆಯನ್ನು ಬದಲಿಸಿಬಿಡಬಹುದು.

ಚಿಕಿತ್ಸೆ ಬಿಡಬಾರದು ಎಂದರೆ ಎಂದೂ ನಿಲ್ಲಿಸಬಾರದೆಂದಲ್ಲ. ರೋಗ ಔಷಧಿಗೆ ಬಗ್ಗದಾದಾಗ, ದೇಹ ತಾಳದಾದಾಗ ವೈದ್ಯರು, ರೋಗಿ, ಮನೆಯವರು ಕೂತು ಮಾತಾಡಿ ನಿಲ್ಲಿಸುವುದು ಸರಿಯಾದ ನಿರ್ಧಾರ. ನೋವು, ಏದುಸಿರು ತಗ್ಗಿಸುವ ಉಪಶಾಮಕ ಆರೈಕೆಗೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆಯನ್ನೂ ಪಡೆದವರು ಮಧ್ಯಾಂಕದ ಲೆಕ್ಕದಲ್ಲಿ 11.6 ತಿಂಗಳು, ಪಡೆಯದವರು 8.9 ತಿಂಗಳು ಬದುಕಿದರು. ಪಡೆದವರ ಖಿನ್ನತೆಯೂ ಕಡಿಮೆಯಿತ್ತು. ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಕೀಮೋ ನಿಂತ ಮೇಲೂ ನೋವಿನ ಮಾತ್ರೆಯನ್ನು ಹೊತ್ತುಹೊತ್ತಿಗೆ ಕೊಡುವುದು ಚಿಕಿತ್ಸೆಯೇ. ಆ ಹೊತ್ತನ್ನೂ ತಪ್ಪಿಸಬಾರದು.

ಇಂತಿ,
ನಿಮ್ಮ ಕಡೆಯ ಹಿರಿಯರೊಬ್ಬರು