ಟಿಡಿಎಸ್ ವಿವರಪಟ್ಟಿಯಲ್ಲಿ ಎರಡು ಬಾರಿ ನಮೂದಾದ ಬಿಲ್ಲು: ತಿದ್ದುಪಡಿ ಕ್ರಮ

ಗುತ್ತಿಗೆದಾರರಿಗೆ ಒಂದು ಬಾರಿಗೆ ರೂ. 30,000 ಅಥವಾ ವರ್ಷದಲ್ಲಿ ಒಟ್ಟು ರೂ. 1,00,000 ಮೀರಿ ಪಾವತಿಸುವಾಗ 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಪ್ರಕರಣದಂತೆ ಮೂಲದಲ್ಲಿ ತೆರಿಗೆ ಕಡಿತಗೊಳಿಸಬೇಕಿತ್ತು. ದರವು ವ್ಯಕ್ತಿಗಳಿಗೆ ಶೇ. 1, ಸಂಸ್ಥೆಗಳಿಗೆ ಶೇ. 2. ಆ ಕಾಯ್ದೆಯಡಿ ಕಡಿತದ ವಿವರವನ್ನು ಪ್ರತಿ ತ್ರೈಮಾಸಿಕಕ್ಕೆ ನಮೂನೆ 26ಕ್ಯೂನಲ್ಲಿ ಸಲ್ಲಿಸಲಾಗುತ್ತಿತ್ತು.

ದೋಷದ ಸ್ವರೂಪ

ಒಂದೇ ತ್ರೈಮಾಸಿಕದ ಮೂಲ ವಿವರಪಟ್ಟಿಯನ್ನು ಎರಡನೆಯ ಸಲ ಸಲ್ಲಿಸಿದರೆ ಅದು ತಿರಸ್ಕೃತವಾಗುತ್ತದೆ. ಆದರೆ ಒಂದೇ ಬಿಲ್ಲು ಎರಡು ತ್ರೈಮಾಸಿಕಗಳಲ್ಲಿ ನಮೂದಾದರೆ ಅಂತಹ ತಡೆ ಇರುವುದಿಲ್ಲ.

ಯರಗುಪ್ಪಿಯ ಒಂದು ಚರಂಡಿ ಕಾಮಗಾರಿಗೆ 2023ರ ಡಿಸೆಂಬರಿನಲ್ಲಿ ರೂ. 4,00,000 ಬಿಲ್ಲಾಗಿ, ರೂ. 4,000 ಕಡಿತವಾಗಿ ಚಲನ್ ಮೂಲಕ ಜಮೆಯಾಯಿತೆಂದು ಭಾವಿಸೋಣ. ಮೂರನೆಯ ತ್ರೈಮಾಸಿಕದಲ್ಲಿ ತೋರಿಸಿದ ಇದೇ ಬಿಲ್ಲನ್ನು ನಾಲ್ಕನೆಯದರಲ್ಲೂ ತೋರಿಸಿದರೆ ಎರಡು ತೊಂದರೆಗಳು ಉಂಟಾಗುತ್ತವೆ. ಗುತ್ತಿಗೆದಾರರ 26ಎಎಸ್ ಪಟ್ಟಿಯಲ್ಲಿ ಅವರು ಪಡೆಯದ ರೂ. 4,00,000 ಆದಾಯವೆಂದು ಕಾಣಿಸಿಕೊಳ್ಳುತ್ತದೆ. ಚಲನ್ ಒಂದೇ ಇರುವುದರಿಂದ ಪಂಚಾಯತಿಗೆ ರೂ. 4,000 ಕೊರತೆ ಹಾಗೂ ತಿಂಗಳಿಗೆ ಶೇ. 1.5ರ ಬಡ್ಡಿಯ ನೋಟಿಸು ಬರುತ್ತದೆ.

ನೋಟಿಸು ಬಂದೊಡನೆ ಹಣ ತುಂಬುವುದು ಪರಿಹಾರವಲ್ಲ. ಅದರಿಂದ ಸಾರ್ವಜನಿಕ ನಿಧಿಯಿಂದ ಒಂದೇ ತೆರಿಗೆ ಎರಡು ಬಾರಿ ಸಂದಾಯವಾಗುತ್ತದೆ. ಗುತ್ತಿಗೆದಾರರ ಲೆಕ್ಕದ ತಪ್ಪೂ ಹಾಗೆಯೇ ಉಳಿಯುತ್ತದೆ.

ಸರಿಪಡಿಸುವ ಕ್ರಮ

1. ಟ್ರೇಸಸ್ ಜಾಲತಾಣದಿಂದ ಕೊರತೆಯ ಸಮರ್ಥನಾ ವರದಿ ಪಡೆದು, ಅದನ್ನು ವೋಚರ್, ನಗದು ಪುಸ್ತಕ ಹಾಗೂ ಚಲನ್‌ಗಳೊಂದಿಗೆ ತಾಳೆ ನೋಡುವುದು. ಮೊತ್ತ ಒಂದೇ ಆಗಿದ್ದರೂ ಬೇರೆ ಬೇರೆ ಬಿಲ್ಲುಗಳಾಗಿರಬಹುದು. ವೋಚರ್ ಸಂಖ್ಯೆಯೇ ನಿರ್ಣಾಯಕ.
2. ತಪ್ಪಾದ ತ್ರೈಮಾಸಿಕದ ಕ್ರೋಡೀಕೃತ ಕಡತವನ್ನು (ಕಾನ್ಸೋ ಫೈಲ್) ಪಡೆಯುವುದು. ಇದಕ್ಕೆ ಮೂಲ ವಿವರಪಟ್ಟಿಯ ಟೋಕನ್ ಸಂಖ್ಯೆ ಬೇಕು.
3. ಹೆಚ್ಚುವರಿ ಸಾಲನ್ನು ಅಳಿಸಲು ಅವಕಾಶವಿಲ್ಲ. ಪಾವತಿ ಮತ್ತು ತೆರಿಗೆ ಮೊತ್ತಗಳನ್ನು ಸೊನ್ನೆ ಮಾಡಿ ತಿದ್ದುಪಡಿ ವಿವರಪಟ್ಟಿ ಸಲ್ಲಿಸುವುದು.
4. ಅದು ಅಂಗೀಕೃತವಾದ ನಂತರ ಕೊರತೆ ರದ್ದಾಗಿರುವುದನ್ನು ಖಚಿತಪಡಿಸಿಕೊಂಡು, ಪರಿಷ್ಕೃತ ಟಿಡಿಎಸ್ ಪ್ರಮಾಣಪತ್ರವನ್ನು ಗುತ್ತಿಗೆದಾರರಿಗೆ ನೀಡುವುದು.

ಸದಸ್ಯರ ಪಾತ್ರ

ವಿವರಪಟ್ಟಿ ಸಿದ್ಧಪಡಿಸುವುದು ಕಚೇರಿಯ ಕೆಲಸ. ಪರಿಶೀಲಿಸಿ ಕೇಳುವುದು ಸದಸ್ಯರ ಹಕ್ಕು. ತ್ರೈಮಾಸಿಕ ಮುಗಿದ ನಂತರದ ಸಾಮಾನ್ಯ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಂದ ಮೂರು ಮಾಹಿತಿಗಳನ್ನು ಪಡೆಯಬೇಕು: ಕಡಿತವಾದ ಒಟ್ಟು ತೆರಿಗೆ ಎಷ್ಟು, ಚಲನ್‌ಗಳ ಮೊತ್ತ ಅದಕ್ಕೆ ಸಮನಾಗಿದೆಯೇ, ಬಾಕಿ ನೋಟಿಸುಗಳಿವೆಯೇ? ಪ್ರತಿ ವೋಚರಿನ ಮೇಲೆ ವಿವರಪಟ್ಟಿಯ ತ್ರೈಮಾಸಿಕ ಹಾಗೂ ಟೋಕನ್ ಸಂಖ್ಯೆಯನ್ನು ಬರೆದಿಡುವ ರೂಢಿಯಾದರೆ, ಅದೇ ಬಿಲ್ಲು ಮತ್ತೊಮ್ಮೆ ನಮೂದಾಗುವುದು ತಪ್ಪುತ್ತದೆ.